ಜಾಗ ಖಾಲಿ ಬಿಡದ ಮುಕಾದಮ

ಪ್ರತಿ ದೀಪಾವಳಿಗೆ ಕಮಲಾಪುರದ ಗಾಡಿಯವನೊಬ್ಬ ಕಲಬುರಗಿಯ ನಮ್ಮ ಮನೆಗೆ ಕೆಂಪು ಬಾಳೆಯ ಒಂದು ಗೊನೆ ತಂದು ಇಳಿಸಿ ಹೋಗುತ್ತಿದ್ದ. ಕಳಿಸಿದವರು ಯಾರೆಂದು ಅವನು ಹೇಳುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಇಪ್ಪತ್ತು ವರ್ಷ ಆ ಹಣ್ಣು ತಿಂದಿದ್ದೇನೆ. ಒಂದು ಸಲವೂ ‘ಮುಟ್ಟಿತು’ ಎಂದು ಹೇಳಿ ಕಳಿಸಿಲ್ಲ. ಈ ವರ್ಷ ಅವನು ಬರಿಗೈಯಲ್ಲಿ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತ.

‘ಮುಕಾದಮರು ಹೋದ್ರು ರೀ. ಇವತ್ತಿಗಿ ನಾಕ ದಿನ ಆತು,’ ಅಂದ.

ಏನು ಹೇಳಬೇಕೋ ತಿಳಿಯದೆ ನಾನು, ‘ಮತ್ತ ಗೊನಿ?’ ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನಾಚಿಕೆಯಾಯಿತು. ಅವನು ನನ್ನ ಮುಖವನ್ನು ಒಮ್ಮೆ ನೋಡಿ ಎದ್ದು ಹೋದ. ಆಮೇಲೆ ಇಡೀ ದಿನ ನನಗೆ ಅಳು ಬರಬೇಕಾಗಿತ್ತೋ ಸಿಟ್ಟು ಬರಬೇಕಾಗಿತ್ತೋ ಗೊತ್ತಾಗಲಿಲ್ಲ. ಎರಡೂ ಅರ್ಧರ್ಧ ಬಂದು ಹೋದವು.

ಅವರ ಹೆಸರು ಇಲ್ಲಿ ಬೇಡ. ಹೆಸರುಗಳ ವಿಷಯದಲ್ಲಿ ನಾವಿಬ್ಬರೂ ಒಮ್ಮೆ ಕೈ ಸುಟ್ಟುಕೊಂಡವರು. ಎಲ್ಲರೂ ಅವರನ್ನು ಮುಕಾದಮ ಅನ್ನುತ್ತಿದ್ದರು. ನಾನು ಕಾಕಾ ಅನ್ನುತ್ತಿದ್ದೆ, ಅನ್ನುವುದನ್ನು ಬಿಡುವವರೆಗೆ.

ಆಗ ನಿಜಾಮರ ಆಳಿಕೆ. ಕಲಬುರಗಿ ಸ್ಟೇಷನ್ನಿನ ಆಚೆ ಸೇಠನೊಬ್ಬನ ಹತ್ತಿ ಗಿರಣಿಯಿತ್ತು. ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳು ಅಲ್ಲಿ ಸಾಲಾಗಿ ನಿಂತಿದ್ದವು. ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು ನಿಂತು, ತಿರುಗುವ ರೋಲಿಗೆ ಹಿಡಿಹಿಡಿ ಹತ್ತಿ ಉಣಿಸಬೇಕು. ಸಂಕ್ರಾಂತಿಯಿಂದ ಯುಗಾದಿ ದಾಟುವವರೆಗೆ ಗಿರಣಿಗೆ ಸುಗ್ಗಿ. ಕಮಲಾಪುರ, ಮಹಾಗಾಂವ ಕಡೆಯಿಂದ ಗಾಡಿ ಕಟ್ಟಿಸಿ ಹೆಂಗಸರನ್ನು ಕರೆತರುವುದು, ಗಿರಣಿಯ ಹಿಂದಿನ ಗುಡಿಸಲುಗಳಲ್ಲಿ ಇಳಿಸುವುದು, ಯಾರು ಯಾವ ಯಂತ್ರಕ್ಕೆ ಎಂದು ಹೇಳುವುದು ಮುಕಾದಮರ ಕೆಲಸ. ನಾನು ಹಾಜರಿ ಬರೆಯುವ ಮುನ್ಶಿ. ಉರ್ದು ಚೆನ್ನಾಗಿ ಬರುತ್ತಿತ್ತು, ಹೊಸದಾಗಿ ಲಗ್ನವಾಗಿತ್ತು, ಲೋಕವೆಲ್ಲ ತಿಳಿದಿದೆ ಎಂಬ ಗರ್ವವೂ ಇತ್ತು.

ಮುಕಾದಮರು ಯಾರ ಮುಖವನ್ನೂ ಸರಿಯಾಗಿ ನೋಡುತ್ತಿರಲಿಲ್ಲ. ಕೆಲಸಕ್ಕೆ ಬಂದ ಹೆಂಗಸಿಗೆ ‘ಕೈ ತೋರ್ಸು’ ಅನ್ನುವರು. ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ಅಂಗೈ ಹೊರಳಿಸಿ, ಬೆರಳು ಮಡಿಸಿ ನೋಡುವರು. ಮುಂದಿನ ವರ್ಷ ಅದೇ ಹೆಂಗಸು ಎದುರು ಬಂದರೆ ಗುರುತು ಸಿಗುತ್ತಿರಲಿಲ್ಲ. ಕೈ ಚಾಚಿದ ಕೂಡಲೇ, ‘ಓಹೋ, ನೀ ಮೂರನೇ ಮಷೀನಿನಾಕಿ’ ಅನ್ನುವರು. ಕುರ್ಚಿ ಕೊಟ್ಟರೂ ಕೂಡುತ್ತಿರಲಿಲ್ಲ. ಹತ್ತಿ ತುಂಬಿದ ಅಂಡಿಗೆಯ ತುದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ತಲೆಗೆ ಸುತ್ತಿದ ಕೆಂಪು ರುಮಾಲಿನ ಸೆರಗಿನಿಂದ ಮೂಗಿನೊಳಗಿನ ಹತ್ತಿಯ ದೂಳು ಒರೆಸಿಕೊಳ್ಳುತ್ತ ಎಲ್ಲರನ್ನೂ ಬೈಯುತ್ತಿದ್ದರು.

ಅವರ ಸೊಂಟದಲ್ಲಿ ಯಾವಾಗಲೂ ಒಂದು ಬಾಳೆ ಕೊಯ್ಯುವ ಚೂರಿ ಇರುತ್ತಿತ್ತು. ಯಂತ್ರ ತಿರುಗಿಸುವ ಪಟ್ಟಿಗಳಿಗೆ ಆಗ ಮರೆ ಗಿರೆ ಏನೂ ಇರಲಿಲ್ಲ. ಸೆರಗು ಸಡಿಲ ಬಿಟ್ಟು ನಿಲ್ಲಬೇಡಿರೆಂದು ಹೆಂಗಸರಿಗೆ ದಿನಾ ಹೇಳುವರು. ಒಂದು ದಿನ ಮಹಾಗಾಂವದ ಗುರವ್ವ ಎಂಬಾಕೆ ತವರಿನವರು ಉಡಿಸಿದ ಹೊಸ ಸೀರೆ ಉಟ್ಟು ಬಂದಿದ್ದಳು. ಸೆರಗು ಪಟ್ಟಿಯ ಹತ್ತಿರ ತೂಗುತ್ತಿತ್ತು. ಮುಕಾದಮರು ಹಿಂದಿನಿಂದ ಬಂದವರೇ ಮಾತಿಲ್ಲದೆ ಒಂದು ಗೇಣು ಸೆರಗು ಕೊಯ್ದು ಅವಳ ಕೈಗೆ ಕೊಟ್ಟರು. ಗುರವ್ವ ಗಳಗಳ ಅತ್ತಳು. ಎಲ್ಲರೆದುರು ಹೆಂಗಸಿನ ಸೆರಗಿಗೆ ಚೂರಿ ಹಾಕುವುದೆಂದರೆ ಏನು? ನಾನು ಹೋಗಿ ಜಗಳ ತೆಗೆದೆ.

‘ಅಳ್ಳಿ ಬಿಡು ತಮ್ಮಾ. ಅಳೋ ಹೆಣ್ಮಗಳು ಜೀವಂತ ಮನಿಗಿ ಹೋಗ್ತಾಳ,’ ಅಂದರು.

ಆ ಮಾತು ಸರಿಯೆಂದು ಅನ್ನಿಸಿತು. ಗುರವ್ವನ ಮುಖ ನೋಡಿದರೆ ಸರಿಯಲ್ಲ ಎಂದೂ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಇನ್ನೊಂದು ಅವರ ಮಾಮೂಲು. ಕೆಲಸಕ್ಕೆ ಸೇರಿದ ಪ್ರತಿಯೊಬ್ಬ ಹೆಂಗಸೂ ಅವರಿಗೆ ಒಂದು ಸೇರು ಜೋಳ ತಂದುಕೊಡಬೇಕು. ವಿಧವೆಯೆಂದು ಬಿಡುತ್ತಿರಲಿಲ್ಲ, ನೆಂಟಳೆಂದು ಬಿಡುತ್ತಿರಲಿಲ್ಲ. ನನಗೆ ಅದು ಹೇಸಿಗೆ ಅನಿಸುತ್ತಿತ್ತು. ಒಂದು ಸುಗ್ಗಿಯಲ್ಲಿ ಎಂಜಿನ್ನು ಕೆಟ್ಟು ಹನ್ನೆರಡು ದಿನ ಗಿರಣಿ ನಿಂತಿತು. ಸೇಠ ಕೂಲಿ ಇಲ್ಲ ಅಂದ. ಮರುದಿನ ಗುಡಿಸಲುಗಳ ಮುಂದೆ ದೊಡ್ಡ ಹಂಡೆಯಲ್ಲಿ ಜೋಳದ ನುಚ್ಚು ಕುದಿಯುತ್ತಿತ್ತು. ಹನ್ನೆರಡು ದಿನವೂ ಕುದಿಯಿತು. ‘ಕಾಕಾ, ಇದು ಅವರದೇ ಜ್ವಾಳ ಅಲ್ರಿ?’ ಎಂದು ಕೇಳಿದರೆ, ‘ಜ್ವಾಳದ ಮ್ಯಾಲ ಬರ್ದಿರ್ತದೇನು?’ ಅಂದರು. ಸರಿ, ಧರ್ಮಾತ್ಮರು ಎಂದುಕೊಂಡೆ. ಆ ವಾರವೇ ಕಮಲಾಪುರಕ್ಕೆ ಹೋಗುವ ಕೆಲಸ ಬಿದ್ದಿತ್ತು, ಅವರ ಮನೆಯಲ್ಲಿ ಉಂಡು ಬಂದೆ. ನೆಲದೊಳಗಿನ ಹಗೇವು ತುಂಬ ಜೋಳವಿತ್ತು. ಮತ್ತೆ ಲೆಕ್ಕ ತಪ್ಪಿತು.

ಅವರ ಬಾಯಲ್ಲಿ ಸದಾ ಇದ್ದ ಮಾತು ಒಂದೇ: ‘ಜಾಗಾ ಖಾಲಿ ಬಿಡಬಾರ್ದು.’ ಅದರ ಹಿಂದೆ ಗಿರಣಿಯ ಒಂದು ಪದ್ಧತಿ ಇತ್ತು. ಹೆಂಗಸು ಬಾಣಂತನಕ್ಕೆ ಹೋದರೆ, ಜ್ವರ ಹಿಡಿದು ಮಲಗಿದರೆ, ಅವಳ ಯಂತ್ರದ ಮುಂದೆ ಮನೆಯ ಇನ್ನೊಬ್ಬಳು ಬಂದು ನಿಲ್ಲಬೇಕು. ನಾದಿನಿಯೋ ನೆಗೆಣ್ಣಿಯೋ ಯಾರೋ ಒಬ್ಬಳು. ಇದಕ್ಕೆ ಬದಲಿ ಎಂದು ಹೆಸರು. ಬದಲಿಯವಳ ಹೆಸರನ್ನು ಹಾಜರಿಯಲ್ಲಿ ಬರೆಯುತ್ತಿರಲಿಲ್ಲ. ಹಳೆಯ ಹೆಸರೇ ನಡೆಯುತ್ತಿತ್ತು. ಹೆಸರು ತೆಗೆದರೆ ಸೇಠ ಆ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳುತ್ತಾನೆ, ಬಾಣಂತಿ ಎದ್ದು ಬಂದಾಗ ಕೆಲಸ ಇರುವುದಿಲ್ಲ. ಹೀಗಾಗಿ ನನ್ನ ಪುಸ್ತಕದಲ್ಲಿ ಎಷ್ಟೋ ಹೆಂಗಸರು ಹೆತ್ತ ದಿನವೂ ಹಾಜರಿದ್ದಾರೆ! ನನಗೆ ಗೊತ್ತಿತ್ತು. ಬರೆಯುವುದು ಸುಲಭವಾಗುತ್ತದೆಂದು ಸುಮ್ಮನಿದ್ದೆ.

ಅಷ್ಟರಲ್ಲಿ ಗಿರಣಿಗಳಿಗೆ ಸರ್ಕಾರದ ಹೊಸ ಕಾಯಿದೆ ಬಂದಿತು. ಇಷ್ಟೇ ತಾಸು ದುಡಿಸಬೇಕು, ದುಡಿಯುವಾಗ ಕೈಕಾಲು ಹೋದರೆ ಮಾಲಕ ಪರಿಹಾರ ಕೊಡಬೇಕು, ಹೀಗೆ. ಉರ್ದುವಿನಲ್ಲಿ ಅಚ್ಚಾದ ಒಂದು ಹಾಳೆಯನ್ನು ಗೇಟಿಗೆ ಅಂಟಿಸಿದರು. ಒಳಗೆ ಹೋಗುವ ಹೆಂಗಸರಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಮುಕಾದಮರು ನನ್ನನ್ನು ಕರೆದು ನಿಲ್ಲಿಸಿ ಮೂರು ಸಲ ಓದಿಸಿದರು.

‘ಇದು ಯಾರಿಗಿ ಸಿಗ್ತದ?’

‘ಮಜದೂರರಿಗಿ ರೀ ಕಾಕಾ.’

‘ಮಜದೂರ ಅಂದ್ರ ಯಾರು?’

‘ಹಾಜರಿಯಾಗ ಹೆಸರಿದ್ದವ್ರು.’

‘ಹೆಸರು ದುಡೀತದೇನು ತಮ್ಮಾ? ಕೈ ದುಡೀತದ.’

‘ಹಂಗಾದ್ರ ಇದ್ದವರ ಖರೇ ಹೆಸರು ಬರಸ್ರಿ,’ ಅಂದೆ. ಅವರು ಬಹಳ ಹೊತ್ತು ಆ ಹಾಳೆ ನೋಡಿದರು, ಓದು ಬಂದವರ ಹಾಗೆ. ‘ಗುರವ್ವ ಹಡಿಲಾಕ ಹೋಗ್ಯಾಳ. ಆಕಿ ನೆಗೆಣ್ಣಿ ಶಾಂತವ್ವ ನಿಂತಾಳ. ಶಾಂತವ್ವನ ಹೆಸರು ಬರದ್ರ ಗುರವ್ವನ ಜಾಗಾ ಹೋತು. ಗುರವ್ವಂದೇ ಇಟ್ರ, ಶಾಂತವ್ವ ಮಜದೂರಳೇ ಅಲ್ಲ. ಇದು ಎಂಥಾ ಕಾಯದೇ?’ ಎಂದು ನನ್ನನ್ನೇ ಕೇಳಿದರು. ಇನ್ನೊಂದು ತಿಂಗಳಲ್ಲಿ ಗುರವ್ವ ಬರುತ್ತಾಳಲ್ಲ, ನೋಡೋಣ ಎಂದು ಇಬ್ಬರೂ ಸುಮ್ಮನಾದೆವು. ನಾವು ಮಾಡಿದ ತಪ್ಪು ಅದೇ.

ಹತ್ತು ದಿನದ ಮೇಲೆ ಒಂದು ಸಂಜೆ ಅಕಾಲದ ಮೋಡ ಕವಿಯಿತು. ಅಂಗಳದ ತುಂಬ ಹತ್ತಿ ಬಿದ್ದಿತ್ತು. ಕೆಲಸ ಮುಗಿಯುವ ಗಂಟೆ ಬಾರಿಸಿಯಾಗಿತ್ತು. ‘ಇನ್ನೊಂದು ತಾಸು ನಿಂದರ್ರಿ,’ ಎಂದು ಕೂಗಿದವರು ಮುಕಾದಮರೇ. ಕಾಯಿದೆಯನ್ನು ಮೂರು ಸಲ ಓದಿಸಿಕೊಂಡ ಅದೇ ಮನುಷ್ಯ. ಆ ತಾಸಿನಲ್ಲಿ ಶಾಂತವ್ವನ ಬಲಗೈ ರೋಲಿಗೆ ಸಿಕ್ಕಿತು. ಹೆಬ್ಬೆರಳು, ತೋರುಬೆರಳು ಉಳಿದವು, ಉಳಿದ ಮೂರು ಹೋದವು. ಮುಕಾದಮರು ತಮ್ಮ ಕೆಂಪು ರುಮಾಲು ಬಿಚ್ಚಿ ಅವಳ ಕೈಗೆ ಸುತ್ತಿ ಗಾಡಿಯಲ್ಲಿ ದವಾಖಾನೆಗೆ ಒಯ್ದರು. ಬರಿತಲೆಯ ಅವರನ್ನು ನಾನು ನೋಡಿದ್ದು ಅವತ್ತೇ. ತಲೆ ಪೂರಾ ಬೆಳ್ಳಗಿತ್ತು.

ಸೇಠನಿಗೆ ಸುದ್ದಿ ಮುಟ್ಟಿತು. ಹಾಜರಿ ಪುಸ್ತಕ ತರಿಸಿ ನೋಡಿ, ‘ಶಾಂತವ್ವ ಅಂತ ನಮ್ಮಲ್ಲಿ ಯಾರೂ ಇಲ್ಲ. ರಸ್ತಾದಾಗಿಂದ ಯಾರೋ ಒಳಗ ಬಂದಾರ,’ ಎಂದು ಬಿಟ್ಟ. ನನ್ನದೇ ಅಕ್ಷರ, ಇಲ್ಲ ಅನ್ನುವ ಹಾಗಿರಲಿಲ್ಲ.

ನಾಲ್ಕನೆಯ ದಿನ ಮುಕಾದಮರು ಹೇಳದೆ ಕೇಳದೆ ಗುರವ್ವ ಇದ್ದ ಊರ ಕಡೆ ಹೋದರು. ಮರುದಿನ ಬಂದು ನನ್ನ ಮುಂದೆ ಕುಕ್ಕರಿಸಿದರು.

‘ಸರ್ಕಾರಕ್ಕ ಅರ್ಜಿ ಬರಿ. ಗುರವ್ವನ ಕೈ ಹೋಗ್ಯದ ಅಂತ ಬರಿ.’

‘ಕಾಕಾ, ಅದು ಸುಳ್ಳ ಆಗ್ತದ.’

‘ಕೈ ಹೋಗಿದ್ದು ಸುಳ್ಳೇನು?’

ನಾನು ಲೆಕ್ಕಣಿಕೆ ಹಿಡಿದು ಕೂತೆ. ಅವರು ಮತ್ತೆ ಅಂದರು: ‘ಗಂಟಿ ಬಾರ್ಸಿದ ಮ್ಯಾಲ ಮುಕಾದಮ ನಿಲ್ಸಿದ, ಅದೂ ಬರಿ. ಅದು ಪೂರಾ ಖರೇ ಅದ.’ ಅರ್ಧ ಸುಳ್ಳು, ಅರ್ಧ ಅವರನ್ನೇ ಸಿಕ್ಕಿಸುವ ನಿಜ. ಎರಡನ್ನೂ ಒಂದೇ ಹಾಳೆಯಲ್ಲಿ ಒಳ್ಳೆಯ ಉರ್ದುವಿನಲ್ಲಿ ಬರೆದೆ.

ಹೈದರಾಬಾದಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಗಿರಣಿಯ ಕಚೇರಿಯಲ್ಲಿ ಮೇಜು ಹಾಕಿ ಕುಳಿತರು. ಶಾಂತವ್ವ ಕೈಗೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮುಕಾದಮರು ಮೊದಲು ಗಂಟೆಯ ನಂತರ ನಿಲ್ಲಿಸಿದ ತಪ್ಪು ಒಪ್ಪಿಕೊಂಡು ಸಾಹೇಬರಿಂದ ಬೈಸಿಕೊಂಡರು. ಆಮೇಲೆ ಸೇಠ, ‘ನಾ ಕೇಳಿದ ಹೆಸರು ಬೇರೆ ಇತ್ತು ಹುಜೂರ್,’ ಅಂದ. ಸಾಹೇಬರು ಹಾಜರಿ ಪುಸ್ತಕ ತೆರೆದು ನನ್ನನ್ನು ಕರೆದರು.

‘ಯೇ ಔರತ್ ಗುರವ್ವಾ ಹೈ?’ ಈಕೆ ಗುರವ್ವನೇ?

ನಾನು ಮುಕಾದಮರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಅವರ ಕಣ್ಣು ಶಾಂತವ್ವನ ಕೈ ಮೇಲಿತ್ತು. ಅವರೊಮ್ಮೆ ಹೂಂ ಎಂದು ತಲೆಯಾಡಿಸಿದ್ದರೆ ನನಗೆ ಎಷ್ಟೋ ಸುಲಭವಿತ್ತು. ‘ಜೀ ಹಾಂ,’ ಅಂದೆ. ಶಾಂತವ್ವ ಉಳಿದ ಹೆಬ್ಬೆರಳನ್ನು ಮಸಿಗೆ ಒತ್ತಿ ಗುರವ್ವನ ಹೆಸರಿನ ಮುಂದೆ ಇಟ್ಟಳು. ಪರಿಹಾರ ಸಿಕ್ಕಿತು. ಮಹಾಗಾಂವದಲ್ಲಿ ಎರಡು ಎಮ್ಮೆ ಕಟ್ಟಿದಳೆಂದು ಆಮೇಲೆ ಕೇಳಿದೆ. ಹೋಗುವಾಗ ಸಾಹೇಬರು ಒಂದು ಹುಕುಂ ಕೊಟ್ಟರು: ಮುಂದಿನ ಸುಗ್ಗಿಯಿಂದ ಪ್ರತಿಯೊಬ್ಬರ ಹೆಸರಿನ ಮುಂದೆ ಹೆಬ್ಬೆಟ್ಟು ಬೀಳಬೇಕು. ದುಡಿಯುವವರ ಹಿತಕ್ಕೆಂದೇ ಕೊಟ್ಟ ಹುಕುಂ ಅದು. ಅಲ್ಲಿಗೆ ಬದಲಿ ಪದ್ಧತಿ ಸತ್ತಿತು. ಆ ಮೇಲೆ ಹೆರಿಗೆಗೆ ಹೋದವರ ಜಾಗಗಳೆಲ್ಲ ಹೋದವು.

ಮುಂದಿನ ಸಂಕ್ರಾಂತಿಗೆ ನಾನು ಗೇಟಿನ ಬಳಿ ಮಸಿಯ ಗಾದಿ ಇಟ್ಟುಕೊಂಡು ಕುಳಿತಿದ್ದೆ. ಸಾಲಿನಲ್ಲಿ ಗುರವ್ವ ಬಂದಳು, ಸೊಂಟದಲ್ಲಿ ವರ್ಷ ತುಂಬದ ಕೂಸು. ಕಾಯಿದೆಯ ಪ್ರಕಾರ ಗುರವ್ವನ ಕೈ ಹೋಗಿತ್ತು; ಆ ಹೆಸರು ಇನ್ನು ಪುಸ್ತಕದಲ್ಲಿ ಏಳುವಂತಿರಲಿಲ್ಲ. ಅವಳು ಮೆಲ್ಲಗೆ, ‘ಶಾಂತವ್ವ ಅಂತ ಬರ್ಕೋರಿ,’ ಅಂದಳು. ನನಗೆ ಸಮಾಧಾನವಾಯಿತು. ಲೆಕ್ಕ ಸರಿಹೋಯಿತಲ್ಲ! ಲೆಕ್ಕಣಿಕೆ ಅದ್ದಿದೆ. ಅಷ್ಟರಲ್ಲಿ ಮುಕಾದಮರು ಬಂದು ಅವಳ ರಟ್ಟೆ ಹಿಡಿದು ಸಾಲಿನಿಂದ ಆಚೆ ಎಳೆದರು.

‘ಈಕಿನ್ನ ಬರ್ಕೋಬ್ಯಾಡ.’

‘ಯಾಕ ರೀ ಕಾಕಾ? ಜಾಗಾ ಖಾಲಿ ಬಿಡಬಾರ್ದು ಅನ್ನೋರು ನೀವೇ ಅಲ್ರಿ?’

ಅವರು ತಂಬಾಕು ಉಗುಳಿ, ಗುರವ್ವನನ್ನು ಗೇಟಿನ ಹೊರಗೆ ದಬ್ಬಿಕೊಂಡೇ ಹೋದರು. ಅವತ್ತೇ ಅವಳ ಜಾಗಕ್ಕೆ ಇನ್ನೊಬ್ಬಳನ್ನು ತಂದು ನಿಲ್ಲಿಸಿದರು. ಹೊಸಬಳಿಂದ ಒಂದು ಸೇರು ಜೋಳ ಅಳೆಸಿಕೊಂಡದ್ದನ್ನು ಕಣ್ಣಾರೆ ಕಂಡೆ. ಒಂದು ಸೇರು ಜೋಳಕ್ಕೆ! ಹೆಸರು ಕೊಟ್ಟು ನೆಗೆಣ್ಣಿಯನ್ನು ಉಳಿಸಿದ ಹೆಂಗಸನ್ನು ಬೀದಿಗೆ ಹಾಕಿದ ಈ ಮನುಷ್ಯನನ್ನೇ ನಾನು ಕಾಕಾ ಎಂದೆನಲ್ಲ ಎಂದು ಮೈ ಉರಿಯಿತು. ಅಂದಿನಿಂದ ಮಾತು ಬಿಟ್ಟೆ. ಕೆಲಸದ ಮಾತಿಗೆ ‘ಮುಕಾದಮ’ ಎಂದೇ ಕರೆದೆ. ಅವರು ಒಮ್ಮೆ ತಲೆ ಎತ್ತಿ ನೋಡಿದರು, ಅಷ್ಟೇ. ಎರಡು ಸುಗ್ಗಿಯ ಮೇಲೆ ಅವರು ಗಿರಣಿ ಬಿಟ್ಟು ಕಮಲಾಪುರದ ತಮ್ಮ ಬಾಳೆ ತೋಟಕ್ಕೆ ಹೋದರು. ಆ ದೀಪಾವಳಿಗೇ ಮೊದಲ ಗೊನೆ ಬಂತು. ವಾಪಸು ಕಳಿಸಬೇಕೆಂದುಕೊಂಡೆ. ಹೆಂಡತಿ ಆಗಲೇ ಎರಡು ಹಣ್ಣು ದೇವರ ಮುಂದೆ ಇಟ್ಟಿದ್ದಳು.

ಗಾಡಿಯವನು ಸುದ್ದಿ ಹೇಳಿದ ಮರುದಿನ ಕಮಲಾಪುರಕ್ಕೆ ಹೋದೆ. ಸತ್ತವರ ಮನೆಗೆ ಮಾತಾಡಿಸಲು ಹೋಗುವವನಿಗೆ ಏನು ಮಾತಾಡಬೇಕೆಂದು ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ. ಪಡಸಾಲೆಯಲ್ಲಿ ಗಂಡಸರ ಜೊತೆ ಸ್ವಲ್ಪ ಹೊತ್ತು ಕುಳಿತು ಹಿತ್ತಲಿಗೆ ಎದ್ದುಹೋದೆ. ಅಲ್ಲಿ ಬಾಳೆಯ ನೆರಳಿನಲ್ಲಿ ಒಬ್ಬ ಹೆಂಗಸು ಬಂದವರಿಗೆಂದು ರೊಟ್ಟಿ ಬಡಿಯುತ್ತಿದ್ದಳು. ಸೆರಗನ್ನು ಗಟ್ಟಿಯಾಗಿ ಸೊಂಟಕ್ಕೆ ಸುತ್ತಿ ಸಿಕ್ಕಿಸಿದ್ದಳು. ಅದನ್ನು ನೋಡಿಯೇ ಗುರುತು ಹತ್ತಿತು.

‘ನೀವು ಮುನ್ಶಿಯವ್ರು ಅಲ್ರಿ?’ ಎಂದು ಅವಳೇ ಕೇಳಿದಳು.

‘ಹೌದವ್ವ. ನೀನು ಗುರವ್ವ. ಇಲ್ಲಿ ಹ್ಯಾಂಗ?’

‘ಇವರ ತ್ವಾಟದಾಗೇ ದುಡೀತೀನಿ ರೀ. ಇಪ್ಪತ್ತ ವರ್ಷದ ಮ್ಯಾಲಾತು. ಎಲ್ಲರಿಗಿ ಕೊಡೋ ಕೂಲಿನೇ ಕೊಟ್ರು. ಸೇರಿದ ದಿನ ಒಂದು ಸೇರು ಜ್ವಾಳಾನೂ ತಗೊಂಡ್ರು.’ ಹೇಳಿ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು.

‘ಆವತ್ತ ನಿನ್ನ ಸಾಲಿನಿಂದ ಎಳದ್ರಲ್ಲ, ಅವತ್ತಿಂದ ನಾ ಅವರ ಜೋಡಿ ಮಾತ ಬಿಟ್ಟೆ,’ ಅಂದೆ. ನ್ಯಾಯದ ಕಡೆ ನಿಂತಿದ್ದೆನೆಂದು ಅವಳಿಗೆ ತಿಳಿಯಲಿ ಎಂಬ ಆಸೆ ನನಗೆ.

ಅವಳ ಕೈ ನಿಂತಿತು. ‘ಅಯ್ಯ, ನಿಮಗ ಹೇಳಿಲ್ಲೇನ್ರಿ? ನಿಮ್ಮ ಸಲುವಾಗೇ ಎಳದಿದ್ರು. ಗೇಟಿನ ಹೊರಗ ಒಯ್ದು ನನಗ ಕೈ ಮುಗದ್ರು. “ಯವ್ವಾ, ನೀ ಒಳಗ ನಿಂತ್ರ ಯಾರರೆ ಗುರ್ತ ಹಿಡೀತಾರ. ಸಾಹೇಬನ ಮುಂದ ಹಾಂ ಅಂದಾವ ಮುನ್ಶಿ. ಅವ ಜೇಲಿಗಿ ಹೋಗ್ತಾನ. ಮೊನ್ನಿ ಲಗ್ನ ಆಗ್ಯದ ಅವನ್ದು” ಅಂದ್ರು.’

ಬಾಳೆಯ ಎಲೆಗಳು ಅಲುಗುತ್ತಿದ್ದವು. ನಾನು ಅಲ್ಲಿದ್ದ ಒರಳುಕಲ್ಲಿನ ಮೇಲೆ ಕುಳಿತೆ. ಇಪ್ಪತ್ತು ಗೊನೆ ತಿಂದಿದ್ದೆ. ನನ್ನನ್ನು ಉಳಿಸಲು ಇವಳ ಕೆಲಸ ಕಳೆದರು. ಇದನ್ನು ಒಳ್ಳೆಯದು ಅನ್ನಲೇ? ನನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆನೇ? ಅದೂ ಖಾತ್ರಿಯಿಲ್ಲ.

‘ನಿನಗ ಸಿಟ್ಟಿಲ್ಲೇನವ್ವ?’

‘ಅದ ರೀ. ಯಾಕ ಇರಲ್ಲ? ಹೆಸರು ಕೇಳಾಕ ಬಂದಾಗ ಎರಡು ವಾರದ ಬಾಣಂತಿ ಇದ್ದೆ. ನೆರಿಮನಿಯವ್ರು ಕೊಡ ಕೇಳ್ತಾರ, ಕೊಡ್ತೀವಿ, ನೀರು ತಂದು ವಾಪಸ್ ಕೊಡ್ತಾರ. ಹಂಗ ಅಂತ ತಿಳ್ಕೊಂಡು ಕೊಟ್ಟೆ. ಶಾಂತವ್ವನ ಕೈ ಹಂಗಾಗಿತ್ತು, ಒಲ್ಲೆ ಅನ್ಲಾಕ ಆಗ್ತದೇನ್ರಿ? ವಾಪಸ್ ಬರಂಗಿಲ್ಲ ಅಂತ ಯಾರೂ ಹೇಳಿಲ್ಲ.’

ಒಳಗಿನಿಂದ ಯಾರೋ ರೊಟ್ಟಿ ಕೇಳಿದರು. ಅವಳು ಏಳಲು ಹೋಗಿ ಮತ್ತೆ ನನ್ನ ಕಡೆ ತಿರುಗಿದಳು. ಮುಕಾದಮರು ‘ಕೈ ತೋರ್ಸು’ ಅಂದಾಗ ಚಾಚುತ್ತಿದ್ದಳಲ್ಲ, ಹಾಗೇ ಎರಡೂ ಕೈ ನನ್ನ ಮುಂದೆ ಚಾಚಿದಳು. ಜೋಳದ ಹಿಟ್ಟು ಮೆತ್ತಿದ ಹತ್ತು ಬೆರಳು.

‘ಮುನ್ಶಿಯವ್ರೇ, ಒಂದು ಕೇಳ್ತೀನಿ. ಸರ್ಕಾರದ ಬುಕ್ಕಿನಾಗ ನನ್ನ ಬೆರಳು ಇನ್ನಾ ಇಲ್ಲೇನ್ರಿ?’

‘ಇಲ್ಲವ್ವ,’ ಅಂದೆ. ‘ಮೂರು ಇಲ್ಲ. ಬರದಾವ ನಾನೇ.’